ದೊರೆಗಳ ಬಂಗಲೆಯಿಂದ ನಮ್ಮ ಕಾವಲಿಗೆ ಬಂದ ಸ್ಕೋನ್

ಬಾಬಾಬುಡನ್‌ಗಿರಿಯ ಮಗ್ಗುಲಿನ ಕಾಫಿ ತೋಟಗಳಲ್ಲಿ ಜನವರಿ ತಿಂಗಳೆಂದರೆ ಉಸಿರಾಡಲೂ ಪುರುಸೊತ್ತಿಲ್ಲದ ಕಾಲ. ಅರೇಬಿಕಾ ಕೊಯ್ಲು ಮುಗಿಯುತ್ತ ಬಂದಿರುತ್ತದೆ, ರೊಬಸ್ಟಾ ಕೆಂಪಾಗತೊಡಗಿರುತ್ತದೆ. ಕಣದ ತುಂಬ ಬೀಜ ಹರಡಿಕೊಂಡು, ಅದನ್ನು ಹೊತ್ತುಹೊತ್ತಿಗೆ ಕೈಯಾಡಿಸುವ ಕೆಲಸ ಮನೆಮಂದಿಯನ್ನೆಲ್ಲ ಅಂಗಳಕ್ಕೆ ಎಳೆದುಕೊಂಡಿರುತ್ತದೆ. ಇಂತಹ ದಿನಗಳಲ್ಲಿ ಮಧ್ಯಾಹ್ನದ ಅಡುಗೆಯೆಂಬುದು ಗೃಹಿಣಿಯರ ಪಾಲಿಗೆ ದೊಡ್ಡ ಚಿಂತೆ. ಹಿಂದೆ ಅಡುಗೆಗೆ ನೆರವಾಗುತ್ತಿದ್ದವರು ಈಗ ಸಿಗುವುದಿಲ್ಲ; ಸೊಸೆಯಂದಿರೇ ಕಣಕ್ಕೂ ಒಲೆಗೂ ನಡುವೆ ಓಡಾಡಬೇಕು.

ಕಳೆದ ಕೊಯ್ಲಿನ ಕಾಲದಲ್ಲಿ ಗಿರಿಯ ತಪ್ಪಲಿನ ಒಂದು ಶರಣ ಕುಟುಂಬದಲ್ಲಿ ನಾವು ಅತಿಥಿಗಳಾಗಿದ್ದೆವು. ತಮ್ಮ ಹೆಸರನ್ನು ಬರೆಯಬಾರದೆಂದು ಮನೆಯವರು ಕೇಳಿಕೊಂಡಿರುವುದರಿಂದ ಬರೆಯುತ್ತಿಲ್ಲ. ಕೈಕಾಲು ತೊಳೆದು ಒಳಗೆ ಕುಳಿತಾಗ, ಅಕ್ಕಿರೊಟ್ಟಿಯೋ ಕಡುಬೋ ಬರಬಹುದೆಂದು ನಿರೀಕ್ಷಿಸುತ್ತಿದ್ದ ನಮ್ಮ ಮುಂದೆ ಬಂದದ್ದು ಬಿಳಿಯ ಬಟ್ಟೆಯಲ್ಲಿ ಸುತ್ತಿಟ್ಟ, ಮೇಲೆ ಕೆಳಗೆ ಕಂದುಬಣ್ಣ ಹತ್ತಿ ಮಗ್ಗುಲಲ್ಲಿ ಬೆಳ್ಳಗೆ ಉಬ್ಬಿಕೊಂಡಿದ್ದ, ಮುಕ್ಕೋನದ ದಪ್ಪ ಬಿಲ್ಲೆಗಳು. ಪಕ್ಕದಲ್ಲಿ ಬೇಳೆಕಟ್ಟಿನ ಸಾರು, ಸೌತೆಕಾಯಿ ಕೋಸಂಬರಿ, ಒಂದು ಬಟ್ಟಲು ಬೆಣ್ಣೆ, ಗುರೆಳ್ಳಿನ ಚಟ್ನಿಪುಡಿ. "ಇದು ಸ್ಕೋನ್. ಬ್ರಿಟಿಷರ ತಿಂಡಿ. ಕೊಯ್ಲಿನ ಕಾಲದಲ್ಲಿ ವಾರಕ್ಕೊಂದು ದಿನ ನಮ್ಮಲ್ಲಿ ಇದೇ ಊಟ" ಎಂದು ಸೊಸೆ ನಗುತ್ತ ಹೇಳಿದರು.

ಆ ಮನೆಯ ಹಿರಿಯ ತಾಯಿ ಮಾತ್ರ ನಗಲಿಲ್ಲ. ಎಂಬತ್ತು ದಾಟಿದ ಆ ಅಜ್ಜಿ ಗೋಡೆಗೊರಗಿ ಕುಳಿತು ತಟ್ಟೆಯನ್ನೇ ದಿಟ್ಟಿಸುತ್ತಿದ್ದರು.

"ಅತ್ತೆ, ಇದಕ್ಕೆ ಮೊಟ್ಟೆ ಹಾಕಿಲ್ಲ. ಹಿಟ್ಟು, ಬೆಣ್ಣೆ, ಮಜ್ಜಿಗೆ ಅಷ್ಟೇ. ನಿಮ್ಮ ಕಣ್ಣೆದುರಿಗೇ ಕಲಸಿದ್ದಲ್ಲವೇ?" ಎಂದರು ಸೊಸೆ.

"ಕಲಸಿದ್ದು ನೋಡಿದೆ ಕಣವ್ವ. ಆದರೂ ಅದರ ಹೆಸರು ಕೇಳಿದರೆ ನನಗೆ ಆ ಬಂಗಲೆಯ ಅಡುಗೆಮನೆ ನೆನಪಾಗುತ್ತೆ" ಎಂದರು ಅಜ್ಜಿ.

ಅಜ್ಜಿಯ ಯಜಮಾನರು 1960ರ ದಶಕದಲ್ಲಿ ಬಿಳಿಯ ದೊರೆಯೊಬ್ಬರ ತೋಟದಲ್ಲಿ ರೈಟರ್ ಆಗಿದ್ದವರು. ಲೆಕ್ಕಪತ್ರ ಒಪ್ಪಿಸಲು ದಿನವೂ ಬಂಗಲೆಯ ಜಗಲಿಯವರೆಗೆ ಹೋಗುತ್ತಿದ್ದರು. ಅಲ್ಲಿ ನೀರನ್ನೂ ಮುಟ್ಟುತ್ತಿರಲಿಲ್ಲ. ಕ್ರಿಸ್‌ಮಸ್ ಬಂದಾಗ ದೊರೆಸಾನಿ ಪ್ರೀತಿಯಿಂದ ಕಾಗದದಲ್ಲಿ ಸುತ್ತಿ ಸ್ಕೋನುಗಳನ್ನು ಕೊಟ್ಟು ಕಳುಹಿಸುತ್ತಿದ್ದರಂತೆ. ಬೇಡವೆಂದು ಹೇಳಿದರೆ ಆಕೆಗೆ ನೋವು; ತಂದರೆ ಮನೆಯಲ್ಲಿ ಇಡುವಂತಿಲ್ಲ. ಬಂಗಲೆಯ ಅಡುಗೆಮನೆಯಲ್ಲಿ ಮಾಂಸ ಮೊಟ್ಟೆ ಎಲ್ಲವೂ ಒಂದೇ ಮೇಜಿನ ಮೇಲೆ ಬೀಳುತ್ತಿದ್ದವು. ಹೀಗಾಗಿ ಆ ಪೊಟ್ಟಣ ಹೊಸ್ತಿಲಾಚೆಯೇ ಬೇರೆಯವರ ಕೈಸೇರುತ್ತಿತ್ತು. ಅಂಗಳದಲ್ಲಿ ನಿಂತು ಆಸೆಗಣ್ಣಿನಿಂದ ನೋಡುತ್ತಿದ್ದ ಮಕ್ಕಳನ್ನು ಒಳಗೆ ಕರೆದು ಬೆಲ್ಲ ಕೊಟ್ಟು ಸುಮ್ಮನಾಗಿಸುತ್ತಿದ್ದುದನ್ನು ಅಜ್ಜಿ ನೆನೆದರು. "ಲಿಂಗಕ್ಕೆ ಅರ್ಪಿಸಲಾಗದ್ದನ್ನು ಬಾಯಿಗೆ ಹೇಗೆ ಇಡೋದು, ನೀವೇ ಹೇಳಿ" ಎಂದು ನಮ್ಮನ್ನು ಕೇಳಿದರು.

ಪ್ರಶ್ನೆ ಸಣ್ಣದಲ್ಲ. ಉಣ್ಣುವುದನ್ನು ಇಷ್ಟಲಿಂಗಕ್ಕೆ ಅರ್ಪಿಸಿ ಪ್ರಸಾದವೆಂದು ಸ್ವೀಕರಿಸುವ ನಮ್ಮ ಮನೆಗಳಲ್ಲಿ, ತಟ್ಟೆಗೆ ಹೊಸದಾಗಿ ಬಂದ ಯಾವ ಪದಾರ್ಥವೂ ಈ ಪ್ರಶ್ನೆಯನ್ನು ಹಾದುಬರಲೇಬೇಕು. ನಾಲಗೆ ಒಪ್ಪಿತೆಂಬ ಮಾತ್ರಕ್ಕೆ ಮುಗಿಯುವುದಿಲ್ಲ. ಸೊಸೆಯಂದಿರು ಹೊಸ ತಿಂಡಿ ಮಾಡಿದಾಗ ಅತ್ತೆಯಂದಿರು ಹುಬ್ಬುಗಂಟಿಕ್ಕುವುದು ಬರಿಯ ಹಟವೆಂದು ತಿಳಿಯುವ ತರುಣಿಯರು ಇದನ್ನು ಗಮನಿಸಬೇಕೆಂದು ನಮ್ಮ ವಿನಂತಿ. ಅಜ್ಜಿಗೆ ನಾವು ಆ ಕ್ಷಣದಲ್ಲಿ ಉತ್ತರ ಕೊಡಲಿಲ್ಲ. ಈ ಸ್ಕೋನ್ ಎಂಬುದು ಎಲ್ಲಿಂದ ಬಂತು, ಅದರ ಮೂಲದಲ್ಲಿ ಏನಿತ್ತು ಎಂಬುದನ್ನು ಮೊದಲು ನೋಡಬೇಕಾಗಿತ್ತು.

ನಮ್ಮ ಬೆಟ್ಟಗಳಿಗೆ ಕಾಫಿ ಬಂದ ಕಥೆ ಎಲ್ಲರಿಗೂ ತಿಳಿದಿದೆ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಅರಬ್ ನಾಡಿನಿಂದ ಏಳು ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದರೆಂಬುದು ಪ್ರತೀತಿ. ಅಲ್ಲಿಂದ ಬಹುಕಾಲ ಕಾಫಿ ಮನೆಯ ಹಿತ್ತಲಿನ ಗಿಡವಾಗಿತ್ತು. ಯುರೋಪಿಯನ್ನರು ದೊಡ್ಡ ತೋಟ ಮಾಡಲಾರಂಭಿಸಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1830ರ ಸುಮಾರಿಗೆ ಕ್ಯಾನನ್ ಎಂಬಾತ ಗಿರಿಯ ದಕ್ಷಿಣದ ಎತ್ತರದಲ್ಲಿ ತೋಟ ಹಾಕಿದ. 1843ರಲ್ಲಿ ಗ್ರೀನ್ ಎಂಬಾತ ಮಂಜರಾಬಾದಿನಲ್ಲಿ, ಅಂದರೆ ಇಂದಿನ ಸಕಲೇಶಪುರ ಸೀಮೆಯಲ್ಲಿ, ಕೃಷಿ ಆರಂಭಿಸಿದ. 1850ರ ದಶಕದ ನಡುವೆ ಅದೇ ಸೀಮೆಗೆ ಬಂದ ರಾಬರ್ಟ್ ಎಲಿಯಟ್ ತನ್ನ ಅನುಭವಗಳನ್ನು 1871ರಲ್ಲೂ 1894ರಲ್ಲೂ ಪುಸ್ತಕಗಳಾಗಿ ಬರೆದ. ಈತನ ಮನೆತನದ ಜಮೀನಿದ್ದದ್ದು ಸ್ಕಾಟ್ಲೆಂಡಿನ ಕೆಲ್ಸೋ ಊರಿನ ಬಳಿ. ನಮ್ಮ ವಿಷಯಕ್ಕೆ ಬೇಕಾದದ್ದು ಈ ಕೊನೆಯ ಸಂಗತಿ; ಏಕೆಂದರೆ ಸ್ಕೋನ್ ಹುಟ್ಟಿದ್ದೂ ಸ್ಕಾಟ್ಲೆಂಡಿನಲ್ಲೇ.

ಬಂಗಲೆಗಳ ಜೀವನ ನಮ್ಮ ಹಟ್ಟಿಗಳ ಜೀವನಕ್ಕೆ ತಗುಲಿಕೊಂಡೇ ಇದ್ದರೂ ಒಲೆಗಳು ಮಾತ್ರ ಒಂದಕ್ಕೊಂದು ಮುಖ ತೋರಿಸಲಿಲ್ಲ. ಬಾಳೆಹೊನ್ನೂರನ್ನೇ ನೋಡಿರಿ. ಭದ್ರೆಯ ದಡದಲ್ಲಿ ರಂಭಾಪುರಿ ಪೀಠವಿದೆ. ಅದೇ ಊರಿನ ಸಮೀಪದಲ್ಲಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಗಿ, ಮುಂದೆ ಅದೇ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು. ಕಾಫಿಯ ಕಸುಬನ್ನು ನಮ್ಮವರು ಬಿಳಿಯರಿಂದ ಕಲಿತರು, ಬಿಳಿಯರು ನೆರಳಿನ ಮರದ ಗುಟ್ಟನ್ನು ನಮ್ಮವರಿಂದ ಕಲಿತರು. ದೊರೆಗಳು ಹೋದ ಮೇಲೆ ಎಷ್ಟೋ ತೋಟಗಳು ನಮ್ಮವರ ಕೈಗೆ ಬಂದವು. ಅವರ ಪಲ್ಪರ್ ಯಂತ್ರ, ಲೆಕ್ಕದ ಪುಸ್ತಕ, ಹೆಂಚಿನ ಬಂಗಲೆ, ಮುಂಬಾಗಿಲ ಗುಲಾಬಿ ಗಿಡ ಎಲ್ಲವನ್ನೂ ಇಟ್ಟುಕೊಂಡೆವು. ಅಡುಗೆಮನೆಯನ್ನು ಮಾತ್ರ ತೊಳೆದು ಸುಣ್ಣ ಬಳಿದು ನಮ್ಮದೇ ಒಲೆ ಹೂಡಿದೆವು. ಅದು ಸರಿಯಾಗಿಯೇ ಇತ್ತು. ಆದರೆ ಸ್ಕೋನ್ ಕೂಡ ಆ ತೊಳೆದ ನೀರಿನೊಂದಿಗೆ ಹರಿದುಹೋಯಿತು.

ಈಗ ಮೂಲದ ಮಾತು. ಸ್ಕೋನ್ ಎಂಬ ಶಬ್ದ ಬರಹದಲ್ಲಿ ಕಾಣಿಸುವುದು 1513ರಷ್ಟು ಹಿಂದೆ, ಗೇವಿನ್ ಡಗ್ಲಸ್ ಎಂಬ ಸ್ಕಾಟ್ ಕವಿಯ ಕೃತಿಯಲ್ಲಿ. ಆ ಕಾಲದ ಸ್ಕೋನ್ ಇಂದಿನ ಚಹದ ಅಂಗಡಿಯ ಎತ್ತರದ ಸ್ಕೋನ್ ಆಗಿರಲಿಲ್ಲ. ಚಳಿಯ ಬೆಟ್ಟದ ನಾಡಿನಲ್ಲಿ ಗೋಧಿ ಸರಿಯಾಗಿ ಬೆಳೆಯುವುದಿಲ್ಲ. ಓಟ್ಸ್ ಮತ್ತು ಬಾರ್ಲಿಯೇ ಬಡವರ ಧಾನ್ಯ. ಅವುಗಳ ಹಿಟ್ಟನ್ನು ಕಲಸಿ, ದುಂಡಗೆ ತಟ್ಟಿ, ಬೆಂಕಿಯ ಮೇಲೆ ತೂಗುಹಾಕಿದ ಕಬ್ಬಿಣದ ಹಂಚಿನಲ್ಲಿ ಬೇಯಿಸುತ್ತಿದ್ದರು. ಆ ಹಂಚಿಗೆ ಅವರು ಗರ್ಡಲ್ ಎನ್ನುತ್ತಾರೆ. ಹಳ್ಳಿಯ ಮನೆಯಲ್ಲಿ ಒಲೆಗೂಡು ಇರುತ್ತಿರಲಿಲ್ಲ. ಇದ್ದದ್ದು ಬೆಂಕಿ, ಮತ್ತು ಅದರ ಮೇಲೆ ಹಂಚು. ದುಂಡನೆಯ ಬಿಲ್ಲೆಯನ್ನು ಕೂಡಿಸಿದ ಗೆರೆಯಂತೆ ನಾಲ್ಕು ಭಾಗ ಮಾಡಿ, ಒಂದೊಂದು ಭಾಗವನ್ನು ಒಬ್ಬೊಬ್ಬರ ಕೈಗೆ ಕೊಡುತ್ತಿದ್ದರು.

ಇದನ್ನು ಕೇಳಿದ ಯಾವ ತಾಯಿಗಾದರೂ ನಮ್ಮ ರೊಟ್ಟಿಯ ನೆನಪಾಗದಿದ್ದೀತೇ? ಬಯಲುಸೀಮೆಯ ಜೋಳದ ರೊಟ್ಟಿ, ಮಲೆನಾಡಿನ ಅಕ್ಕಿರೊಟ್ಟಿ, ಸ್ಕಾಟ್ಲೆಂಡಿನ ಹಳೆಯ ಸ್ಕೋನ್ ಇವೆಲ್ಲ ಕೂಲಿನಾಲಿ ಮಾಡುವವರ, ಹೊಲದಿಂದ ಹಸಿದು ಬಂದವರ ಊಟ. ದೊರೆಗಳ ಬಂಗಲೆಯಲ್ಲಿ ಬೆಳ್ಳಿಯ ತಟ್ಟೆಯೇರಿ ಕುಳಿತಿದ್ದರಿಂದ ನಾವು ಅದನ್ನು ದೊಡ್ಡವರ ತಿಂಡಿಯೆಂದು ತಪ್ಪಾಗಿ ತಿಳಿದೆವು.

ಮೊಟ್ಟೆಯ ಸಂಗತಿಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಸ್ಕೋನ್ ಇಂದಿನಂತೆ ಉಬ್ಬಿ ಮೇಲೇಳತೊಡಗಿದ್ದು ಬೇಕಿಂಗ್ ಪೌಡರ್ ಬಂದ ಮೇಲೆ. ಬರ್ಮಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ಆಲ್‌ಫ್ರೆಡ್ ಬರ್ಡ್ 1843ರಲ್ಲಿ ಅಂತಹ ಒಂದು ಪುಡಿಯನ್ನು ಸಿದ್ಧಪಡಿಸಿದ. ಆತನ ಹೆಂಡತಿಗೆ ಮೊಟ್ಟೆಯೂ ಒಗ್ಗುತ್ತಿರಲಿಲ್ಲ, ಹುದುಗುಬರಿಸುವ ಯೀಸ್ಟ್ ಕೂಡ ಒಗ್ಗುತ್ತಿರಲಿಲ್ಲ. ಆಕೆಗಾಗಿಯೇ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನು ಮೊದಲು ಮಾಡಿ, ಆಮೇಲೆ ಯೀಸ್ಟ್ ಇಲ್ಲದೆ ರೊಟ್ಟಿ ಉಬ್ಬಿಸುವ ಈ ಪುಡಿಯನ್ನು ಮಾಡಿದನೆಂದು ಇತಿಹಾಸ ಹೇಳುತ್ತದೆ. ಮೊಟ್ಟೆ ಸೇರದ ಒಬ್ಬ ಹೆಣ್ಣುಮಗಳ ಸಲುವಾಗಿ ಹುಟ್ಟಿದ ಪುಡಿಯಿಂದ ಉಬ್ಬುವ ತಿಂಡಿಗೆ ಮೊಟ್ಟೆ ಅನಿವಾರ್ಯವೆಂದು ನಂಬಿ ನಾವು ಇಷ್ಟು ಕಾಲ ದೂರವಿದ್ದೆವು!

ಹಾಗೆಂದು ಎಲ್ಲ ಸ್ಕೋನೂ ನಿರ್ದೋಷಿಯೆಂದು ಹೇಳಲಾಗದು. ಬ್ರಿಟನ್ನಿನಲ್ಲಿ ಬೆಣ್ಣೆ ದುಬಾರಿಯಾದ ಮನೆಗಳಲ್ಲಿ ಹಂದಿಯ ಕೊಬ್ಬು ಸೇರಿಸುವ ರೂಢಿಯಿತ್ತು. ಮೇಲ್ಮೈ ಹೊಳೆಯಲೆಂದು ಮೊಟ್ಟೆಯ ಲೋಳೆ ಸವರುವುದು ಇಂದಿಗೂ ಬೇಕರಿಗಳಲ್ಲಿ ಸಾಮಾನ್ಯ. ಒಳಗೆ ಮೊಟ್ಟೆಯಿಲ್ಲದಿದ್ದರೂ ಹೊರಗೆ ಇರುತ್ತದೆ. ಬೆಂಗಳೂರಿನಲ್ಲಿ ಓದುವ, ದುಡಿಯುವ ನಮ್ಮ ಮಕ್ಕಳು ಇದನ್ನು ಕೇಳಿ ತಿಳಿದುಕೊಳ್ಳಬೇಕು. ಪೊಟ್ಟಣದಲ್ಲಿ ಬರುವ ಪದಾರ್ಥವಾದರೆ ಹಸಿರು ಗುರುತನ್ನು ನೋಡಿಕೊಂಡರಾಯಿತು. ನಮ್ಮ ದೇಶದ ಆಹಾರ ನಿಯಮದಂತೆ ಮೊಟ್ಟೆ ಸೇರಿದ ಪದಾರ್ಥಕ್ಕೆ ಹಸಿರು ಗುರುತು ಹಾಕುವಂತಿಲ್ಲ. ಚೀಸ್ ಬೆರೆಸಿದ ಸ್ಕೋನ್ ಈಗ ಪ್ರಚಾರದಲ್ಲಿದೆ. ಹಳೆಯ ಪದ್ಧತಿಯಲ್ಲಿ ಚೀಸ್ ಹೆಪ್ಪುಗಟ್ಟಿಸಲು ಎಳೆಗರುವಿನ ಜಠರದಿಂದ ತೆಗೆದ ಪದಾರ್ಥವನ್ನು ಬಳಸುತ್ತಾರೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಆದುದರಿಂದ ಚೀಸಿನ ಪೊಟ್ಟಣದ ಮೇಲೂ ಅದೇ ಹಸಿರು ಗುರುತನ್ನು ಹುಡುಕಬೇಕು. ಇದೆಲ್ಲದರ ಗೊಡವೆಯೇ ಬೇಡವೆಂದರೆ ಮನೆಯಲ್ಲೇ ಮಾಡಿಕೊಳ್ಳುವುದು ಲೇಸು.

ಮಾಡುವ ವಿಧಾನವನ್ನು ನಾವು ಆ ಸೊಸೆಯ ಪಕ್ಕದಲ್ಲಿ ನಿಂತು ನೋಡಿ ಬರೆದುಕೊಂಡೆವು. ಆಮೇಲೆ ನಮ್ಮ ಮನೆಯಲ್ಲಿ ಮೂರು ಬಾರಿ ಮಾಡಿದೆವು. ಮೊದಲ ಬಾರಿ ಕಲ್ಲಿನಂತಾಯಿತೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಕಾಲು ಕಿಲೋ ಹಿಟ್ಟು ತೆಗೆದುಕೊಳ್ಳಿ. ಪೂರ್ತಿ ಮೈದಾ ಬೇಡವೆನ್ನುವವರು ಅರ್ಧದಷ್ಟು ನುಣ್ಣಗೆ ಜರಡಿ ಹಿಡಿದ ಗೋಧಿಹಿಟ್ಟು ಸೇರಿಸಬಹುದು. ಒಂದು ಚಹಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ, ಅರ್ಧ ಚಮಚ ಉಪ್ಪು ಹಾಕಿ ಎರಡು ಸಲ ಜರಡಿಯಾಡಿಸಿ. ಸಿಹಿ ಬೇಕೆಂದರೆ ಒಂದು ದೊಡ್ಡ ಚಮಚ ಸಕ್ಕರೆ. ಊಟಕ್ಕಾದರೆ ಸಕ್ಕರೆಯ ಬದಲು ಕುಟ್ಟಿದ ಕಾಳುಮೆಣಸು ಮತ್ತು ಜೀರಿಗೆ. ನಮ್ಮ ತೋಟದ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸೇ ಇರುವಾಗ ಧಾರಾಳವಾಗಿ ಹಾಕಬಹುದು. ಈಗ 50 ಗ್ರಾಂ ಗಟ್ಟಿಯಾದ ಬೆಣ್ಣೆಯನ್ನು ಚೂರುಮಾಡಿ ಹಿಟ್ಟಿಗೆ ಹಾಕಿ, ಬೆರಳ ತುದಿಗಳಿಂದ ಮಾತ್ರ ಉಜ್ಜುತ್ತ, ಹಿಟ್ಟು ರವೆಯಂತೆ ಉದುರುದುರಾಗುವವರೆಗೆ ಬೆರೆಸಿ. ಅಂಗೈ ತಗುಲಿದರೆ ಬೆಣ್ಣೆ ಕರಗುತ್ತದೆ. ಕರಗಿದ ಬೆಣ್ಣೆಯಿಂದ ಸ್ಕೋನ್ ಪದರಪದರಾಗಿ ಬಿರಿಯುವುದಿಲ್ಲ. ಜನವರಿಯ ಬೆಳಗಿನಲ್ಲಿ ಗಿರಿಯ ಮನೆಗಳಲ್ಲಿ ಬೆಣ್ಣೆ ತಾನಾಗಿಯೇ ಗಟ್ಟಿಯಾಗಿರುತ್ತದೆ. ಬಯಲುಸೀಮೆಯವರು ಫ್ರಿಜ್ಜಿನಲ್ಲಿಟ್ಟು ತೆಗೆಯಬೇಕು.

ನಡುವೆ ಗುಂಡಿ ಮಾಡಿ ಸುಮಾರು 150 ಮಿಲಿಲೀಟರ್ ಹುಳಿ ಮಜ್ಜಿಗೆಯನ್ನು ಒಮ್ಮೆಲೇ ಸುರಿದು, ಚಾಕುವಿನ ಬೆನ್ನಿನಿಂದಲೋ ಮರದ ಸೌಟಿನಿಂದಲೋ ನಾಲ್ಕಾರು ಸುತ್ತು ತಿರುಗಿಸಿದರೆ ಸಾಕು. ನಾದಬಾರದು. ನಮ್ಮ ಮೊದಲ ಪ್ರಯತ್ನ ಕೆಟ್ಟದ್ದು ಇಲ್ಲಿಯೇ. ಚಪಾತಿ ಹಿಟ್ಟನ್ನು ಎಷ್ಟು ನಾದಿದರೆ ಅಷ್ಟು ಮೃದು ಎಂದು ಕಲಿತ ಕೈ ಸುಮ್ಮನಿರುವುದಿಲ್ಲ. ಗೋಧಿಯ ಹಿಟ್ಟಿನಲ್ಲಿರುವ ಅಂಟುಪದಾರ್ಥ ನಾದಿದಷ್ಟೂ ಬಿಗಿಯುತ್ತದೆ. ಚಪಾತಿಗೆ ಆ ಬಿಗಿ ಬೇಕು, ಲಟ್ಟಿಸಿದಾಗ ಹರಿಯಬಾರದು. ಸ್ಕೋನಿಗೆ ಅದು ವೈರಿ. ಹಿಟ್ಟು ಅಲ್ಲಲ್ಲಿ ಗಂಟುಗಂಟಾಗಿ, ಕೈಗೆ ಸ್ವಲ್ಪ ಅಂಟುವಂತಿದ್ದರೆ ಅದೇ ಸರಿಯಾದ ಹದ.

ಮಜ್ಜಿಗೆಯ ಹುಳಿಯೂ ಸೋಡಾದ ಕ್ಷಾರವೂ ಕೂಡಿದೊಡನೆ ಇಂಗಾಲದ ಡೈಆಕ್ಸೈಡ್ ಅನಿಲ ಹುಟ್ಟಿ ಹಿಟ್ಟನ್ನು ಉಬ್ಬಿಸತೊಡಗುತ್ತದೆ. ಕಲಸಿಟ್ಟು ಕಣಕ್ಕೆ ಹೋಗಿ ಬಂದರೆ ಅನಿಲವೆಲ್ಲ ಹೊರಟುಹೋಗಿರುತ್ತದೆ. ಆದಕಾರಣ ಕಾವಲಿ ಕಾಯಲಿಟ್ಟ ಮೇಲೆಯೇ ಮಜ್ಜಿಗೆ ಸುರಿಯಬೇಕು. ಸೋಡಾ ಹೆಚ್ಚಾದರೆ ಹಳದಿ ಬಣ್ಣ ತಿರುಗಿ ಸಾಬೂನಿನ ರುಚಿ ಬರುತ್ತದೆ. ಮಳೆಗಾಲದ ಮೂಡಿಗೆರೆ, ಕಳಸದ ಕಡೆಯವರಿಗೆ ಒಂದು ಎಚ್ಚರಿಕೆ: ಅಲ್ಲಿಯ ತೇವಕ್ಕೆ ಬೇಕಿಂಗ್ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಒಂದು ಚಿಟಿಕೆಯನ್ನು ಬಿಸಿನೀರಿಗೆ ಹಾಕಿ ನೋಡಿ. ಬುರಬುರನೆ ನೊರೆಯೆದ್ದರೆ ಸರಿ, ಇಲ್ಲವಾದರೆ ಡಬ್ಬಿಯನ್ನು ಚೆಲ್ಲಿಬಿಡಿ. ಹಿಟ್ಟೂ ಆಗ ತೇವ ಹೀರಿಕೊಂಡಿರುವುದರಿಂದ ಮಜ್ಜಿಗೆಯನ್ನು ತುಸು ಕಡಿಮೆ ಮಾಡಬೇಕು.

ಹಿಟ್ಟನ್ನು ಎರಡು ಪಾಲು ಮಾಡಿ, ಹಿಟ್ಟುದುರಿಸಿದ ಮಣೆಯ ಮೇಲೆ ಅರ್ಧ ಅಂಗುಲ ದಪ್ಪಕ್ಕೆ ಕೈಯಿಂದಲೇ ದುಂಡಗೆ ತಟ್ಟಿ. ಲಟ್ಟಣಿಗೆ ಬೇಕಿಲ್ಲ. ಒಂದೊಂದು ದುಂಡನ್ನೂ ನಾಲ್ಕು ಭಾಗ ಮಾಡಿದರೆ ಎಂಟು ಸ್ಕೋನುಗಳಾದವು. ದಪ್ಪ ಕಬ್ಬಿಣದ ಕಾವಲಿಯನ್ನು ಸಣ್ಣ ಉರಿಯಲ್ಲಿ ಕಾಯಿಸಿ ಒಂದು ಚಿಟಿಕೆ ಹಿಟ್ಟು ಉದುರಿಸಿ ನೋಡಿ: ಅದು ತಕ್ಷಣ ಸೀದರೆ ಕಾವು ಹೆಚ್ಚು, ನಿಧಾನವಾಗಿ ಕೆಂಪಾದರೆ ಹದ. ಒಂದೊಂದು ಮಗ್ಗುಲನ್ನು ಐದು ನಿಮಿಷ ಬೇಯಿಸಿ ಮಗುಚಿ. ಕೊನೆಯಲ್ಲಿ ಅಂಚುಗಳನ್ನೂ ಕಾವಲಿಗೆ ಆನಿಸಿ ನಿಲ್ಲಿಸಿದರೆ ಹಸಿ ಉಳಿಯುವುದಿಲ್ಲ. ಇಳಿಸಿದೊಡನೆ ಶುಭ್ರವಾದ ಬಟ್ಟೆಯಲ್ಲಿ ಸುತ್ತಿಡಬೇಕು. ಸ್ಕಾಟ್ಲೆಂಡಿನ ಹೆಂಗಸರೂ ಹಾಗೆಯೇ ಮಾಡುತ್ತಾರೆ, ರೊಟ್ಟಿ ಬಡಿಯುವ ನಮ್ಮ ತಾಯಂದಿರೂ ಹಾಗೆಯೇ ಮಾಡುತ್ತಾರೆ. ಹಬೆ ಒಳಗೇ ಉಳಿದು ಮೇಲ್ಮೈ ಮೆದುವಾಗುತ್ತದೆ.

ವಿದ್ಯುತ್ ಒಲೆಗೂಡು ಇರುವ ಮನೆಗಳಲ್ಲಿ ಮುಕ್ಕಾಲು ಅಂಗುಲಕ್ಕಿಂತ ದಪ್ಪವಾಗಿ ತಟ್ಟಿ, ಸ್ಟೀಲಿನ ಲೋಟದ ಬಾಯಿಂದ ದುಂಡಗೆ ಒತ್ತಿ ತೆಗೆದು, ಮೇಲೆ ಹಾಲು ಸವರಿ, 220 ಡಿಗ್ರಿ ಶಾಖದಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಇಡಬಹುದು. ಲೋಟವನ್ನು ನೇರವಾಗಿ ಒತ್ತಿ ಎತ್ತಬೇಕು. ತಿರುಚಿದರೆ ಅಂಚು ಮುಚ್ಚಿಕೊಂಡು ಸ್ಕೋನ್ ಒಂದು ಕಡೆಗೆ ವಾಲುತ್ತದೆ. ಬಂಗಲೆಯ ಬಟ್ಲರುಗಳು ಒಲೆಗೂಡಿಲ್ಲದ ಕಡೆ ದಪ್ಪ ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸುತ್ತಿದ್ದರು. ಅದು ಜಾಣತನದ ಕೆಲಸ, ಇಂದಿನ ಗೃಹಿಣಿಗೆ ಅಷ್ಟು ವ್ಯವಧಾನವಿಲ್ಲ. ನಮ್ಮ ಅಭಿಪ್ರಾಯ ಕೇಳಿದರೆ ಕಾವಲಿಯ ಸ್ಕೋನೇ ರುಚಿ, ಹಳೆಯದೂ ಅದೇ.

ಇದರ ಜೊತೆಗೆ ಏನನ್ನು ತಿನ್ನಬೇಕು? ಇಂಗ್ಲೆಂಡಿನಲ್ಲಿ ಡೆವನ್ ಪ್ರಾಂತದವರು ಮೊದಲು ಕೆನೆ ಹಚ್ಚಿ ಮೇಲೆ ಜಾಮ್ ಹಾಕುತ್ತಾರೆ, ಪಕ್ಕದ ಕಾರ್ನ್‌ವಾಲ್‌ನವರು ಮೊದಲು ಜಾಮ್ ಹಚ್ಚಿ ಮೇಲೆ ಕೆನೆ ಇಡುತ್ತಾರೆ. ಯಾವುದು ಸರಿಯೆಂಬ ಜಗಳ ಇನ್ನೂ ತೀರಿಲ್ಲ. ನಮ್ಮಲ್ಲಿಯೂ ಬಿಸಿ ಅನ್ನಕ್ಕೆ ಮೊದಲು ತುಪ್ಪವೋ ಸಾರೋ ಎಂದು ವಾದ ಮಾಡುವ ಮನೆಗಳಿರುವಾಗ ಅವರನ್ನು ನೋಡಿ ನಗುವಂತಿಲ್ಲ. ಅವರ ಆ ಗಟ್ಟಿ ಕೆನೆಯನ್ನು ಮಾಡುವುದು ಹಾಲನ್ನು ಅಗಲವಾದ ಪಾತ್ರೆಯಲ್ಲಿ ಸಣ್ಣ ಕಾವಿನಲ್ಲಿ ಬಹಳ ಹೊತ್ತು ಇಟ್ಟು, ತಣಿದ ಮೇಲೆ ಮೇಲಿನ ಪದರವನ್ನು ತೆಗೆಯುವುದರ ಮೂಲಕ. ಒಲೆಯ ಬೂದಿಗೆಂಡದ ಮೇಲೆ ಹಾಲಿನ ಪಾತ್ರೆ ಇಟ್ಟು ದಪ್ಪ ಕೆನೆ ಬರಿಸುತ್ತಿದ್ದ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಮಲೆನಾಡು ಗಿಡ್ಡ ತಳಿಯ ಆಕಳು ಕೊಡುವ ಹಾಲು ಸ್ವಲ್ಪವೇ. ಆದರೆ ಅದರ ಕೆನೆಯನ್ನು ಉಂಡವರೇ ಬಲ್ಲರು.

ಜಾಮಿಗೂ ಪೇಟೆಗೆ ಓಡಬೇಕಿಲ್ಲ. ಕಾಫಿಯ ನಡುವೆ ಬೆಳೆಯುವ ಕೊಡಗಿನ ಕಿತ್ತಳೆ ರೋಗದ ಬಾಧೆಯಿಂದ ಕಡಿಮೆಯಾಗಿದ್ದರೂ ಉಳಿದಿರುವ ಮರಗಳ ಹಣ್ಣು ಕೊಯ್ಲಿನ ಕಾಲಕ್ಕೇ ಸಿಗುತ್ತದೆ. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಕಹಿ ತಗ್ಗುವಂತೆ ಎರಡು ನೀರಿನಲ್ಲಿ ಬೇಯಿಸಿ ಚೆಲ್ಲಿ, ರಸ ಮತ್ತು ಬೆಲ್ಲದೊಂದಿಗೆ ಕುದಿಸಿದರೆ ಚೊಕ್ಕವಾದ ಮಾರ್ಮಲೇಡ್ ಆಗುತ್ತದೆ. ಆ ಮನೆಯಲ್ಲಿ ನಮಗೆ ಬಡಿಸಿದ್ದು ಹೇರಳೆಕಾಯಿಯ ಸಿಪ್ಪೆಯಿಂದ ಮಾಡಿದ್ದು. ಕಹಿ ಸ್ವಲ್ಪ ಮುಂದಾಗಿತ್ತು, ಆದರೂ ಬೆಣ್ಣೆಯೊಂದಿಗೆ ಸೊಗಸಾಗಿತ್ತು. ಊಟವೆಂದು ಬಡಿಸುವಾಗ ಸಿಹಿಯನ್ನು ಕೊನೆಗಿಟ್ಟು, ಮೊದಲು ಮೆಣಸಿನ ಸ್ಕೋನನ್ನು ಸಾರಿನೊಂದಿಗೆ ಕೊಡುವುದು ಆ ಸೊಸೆಯ ಕ್ರಮ. ಸಾರಿನಲ್ಲಿ ಅದ್ದಿದ ಸ್ಕೋನ್ ಹಲ್ಲಿಲ್ಲದವರಿಗೂ ಸಲ್ಲುತ್ತದೆ. ಜೋಳದ ರೊಟ್ಟಿ ಅಗಿಯಲಾಗದ ವೃದ್ಧರಿರುವ ಮನೆಗಳಿಗೆ ಇದೊಂದು ಉಪಕಾರ.

ದಿನವೂ ಮಾಡಿರೆಂದು ನಾವು ಹೇಳುವುದಿಲ್ಲ. ಒಂದೊಂದು ಸ್ಕೋನಿನಲ್ಲಿ ಸುಮಾರು 30 ಗ್ರಾಂ ಹಿಟ್ಟೂ 6 ಗ್ರಾಂ ಬೆಣ್ಣೆಯೂ ಒಳಗೇ ಇರುತ್ತದೆ. ಮೇಲೆ ಹಚ್ಚುವ ಬೆಣ್ಣೆ, ಕೆನೆ, ಜಾಮಿನ ಲೆಕ್ಕ ಬೇರೆ. ಸಕ್ಕರೆ ಕಾಯಿಲೆಯವರು, ಹೃದಯದ ತೊಂದರೆಯವರು ಮೆಣಸಿನ ಸ್ಕೋನ್ ಒಂದನ್ನು ಕೋಸಂಬರಿಯೊಡನೆ ತಿಂದು ಕೈ ತೊಳೆಯುವುದು ಒಳ್ಳೆಯದು. ಮೈದಾ ಬಿಟ್ಟು ರಾಗಿಹಿಟ್ಟಿನಿಂದಲೇ ಮಾಡಿದರೆ ಹೇಗೆಂದು ನಾವೂ ನೋಡಿದೆವು. ಅಂಟಿಲ್ಲದ ಹಿಟ್ಟು ಉಬ್ಬಲಿಲ್ಲ, ಮುಟ್ಟಿದರೆ ಪುಡಿಯಾಯಿತು. ಕಾಲುಭಾಗ ರಾಗಿ, ಉಳಿದದ್ದು ಗೋಧಿಯಾದರೆ ಪರವಾಗಿಲ್ಲ.

ಇನ್ನು ಅಜ್ಜಿಯ ಪ್ರಶ್ನೆ. ನಾವು ತಿಳಿದದ್ದನ್ನೆಲ್ಲ, ಸ್ಕಾಟ್ಲೆಂಡಿನ ಬಡವರ ಹಂಚನ್ನೂ ಬರ್ಡ್ ಎಂಬಾತನ ಹೆಂಡತಿಯ ಕಥೆಯನ್ನೂ, ಮುಂದಿನ ತಿಂಗಳು ಮತ್ತೆ ಅಲ್ಲಿಗೆ ಹೋದಾಗ ಹೇಳಿದೆವು. ಅಜ್ಜಿ ಮೌನವಾಗಿ ಕೇಳಿಸಿಕೊಂಡರು. "ಆ ದೊರೆಸಾನಿಯೂ ಅವರ ತಾಯಿಯಿಂದಲೇ ಕಲಿತಿರಬೇಕು. ಪಾಪ, ಪ್ರತಿವರ್ಷ ಕೊಡೋರು" ಎಂದಷ್ಟೇ ಹೇಳಿ ಎದ್ದು ಹೋದರು.

ಮರುದಿನ ಬೆಳಗಿನ ಸ್ನಾನವಾದ ಮೇಲೆ ಅಜ್ಜಿ ತಾವೇ ಅಡುಗೆಮನೆಗೆ ಬಂದು ಮಣೆ ಹಾಕಿಕೊಂಡು ಕುಳಿತರು. ಹೊಸದಾಗಿ ಕಡೆದ ಬೆಣ್ಣೆಯನ್ನು ತರಿಸಿದರು. ಸೊಸೆ ಕೈಹಾಕಲು ಬಂದಾಗ "ನೀನು ಹೇಳವ್ವ, ನಾನು ಮಾಡ್ತೀನಿ" ಎಂದರು. ಎಪ್ಪತ್ತು ವರ್ಷ ರೊಟ್ಟಿ ತಟ್ಟಿದ ಕೈಗಳು ಹಿಟ್ಟನ್ನು ನಮಗಿಂತ ಹಗುರವಾಗಿ ಹಿಡಿದವು. ಕಾವಲಿಯಿಂದ ಇಳಿದ ಮೊದಲ ನಾಲ್ಕನ್ನು ಬಟ್ಟಲಿನಲ್ಲಿಟ್ಟುಕೊಂಡು ಪೂಜೆಯ ಕೋಣೆಗೆ ಹೋದರು. ನಾವೆಲ್ಲ ಹೊರಗೆ ಕಾದಿದ್ದೆವು. ಇಷ್ಟಲಿಂಗ ಪೂಜೆ ಮುಗಿಸಿ, ವಿಭೂತಿ ಧರಿಸಿದ ಹಣೆಯೊಡನೆ ಹೊರಬಂದ ಅಜ್ಜಿ, ಆ ನಾಲ್ಕನ್ನು ಮುರಿದು ಎಲ್ಲರ ಅಂಗೈಗೆ ಒಂದೊಂದು ತುಣುಕು ಪ್ರಸಾದವಿಟ್ಟರು. ಕೊನೆಗೆ ತಾವೂ ಒಂದು ತುಣುಕನ್ನು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು.

"ಉಪ್ಪು ಕಡಿಮೆಯಾಯ್ತು. ನಾಳೆ ಕಣದಲ್ಲಿ ಕೆಲಸ ಮಾಡೋ ಹೆಂಗಸರಿಗೂ ಕೊಡಬೇಕು, ಎರಡು ಕಿಲೋ ಹಿಟ್ಟು ಜರಡಿ ಹಿಡಿದಿಡು" ಎಂದು ಸೊಸೆಗೆ ಹೇಳಿ, ಕೈ ತೊಳೆಯಲು ಹಿತ್ತಲಿಗೆ ನಡೆದರು.